ಟೋಕಿಯೊಗೆ ಬಂದ ಕಾಗದ

"ಬಿಡಿ, ನನ್ನ ಮೊಮ್ಮಗಳ ಕಾಲು ಬಿಡಿ!" ಎಂದು ಕೂಗುತ್ತ ಲು ಅಜ್ಜಿ ಶಾಲೆಯ ಅಂಗಳಕ್ಕೆ ನುಗ್ಗಿದಾಗ ಪೈಜೆನ್ ಬಿಸಿನೀರಿನ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಏಳು ವರ್ಷದ ಚಿಯಾವೊ ಮಣೆಯ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಹೆಣ್ಣುಮಕ್ಕಳ ಪಾದ ಬೆಳೆಯದಿರಲೆಂದು ಊರಿನ ವಾಡಿಕೆಯಂತೆ ಬಿಗಿದಿದ್ದ ಬಟ್ಟೆಯ ಕಟ್ಟು ಒಂದು ಕಾಲಿನಿಂದ ಬಿಚ್ಚಿಯಾಗಿತ್ತು. ಅಂಗಾಲಿನಡಿಗೆ ಮಡಚಿಕೊಂಡಿದ್ದ ಬೆರಳುಗಳನ್ನು ಪೈಜೆನ್ ನೀರಿನಲ್ಲಿ ಒಂದೊಂದಾಗಿ ಬಿಡಿಸುತ್ತಿದ್ದಳು.

"ಕಟ್ಟಿ ಮೂರೇ ತಿಂಗಳಾಗಿದೆ ಅಜ್ಜಿ. ಈಗ ಬಿಚ್ಚಿದರೆ ಮಗು ನೆಟ್ಟಗೆ ನಡೀತಾಳೆ. ಅವಳಪ್ಪ ಒಪ್ಪಿಯೇ ಕಳಿಸಿದ್ದು."

"ತೋಫು ಕೊಯ್ಯೋದು ಬಿಟ್ಟರೆ ಅವನಿಗೇನು ಗೊತ್ತು? ನಾಳೆ ಈ ಅಗಲಪಾದದವಳನ್ನ ಯಾರು ಕಟ್ಕೋತಾರೆ, ನಿಮ್ಮ ಪುಸ್ತಕವಾ?" ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ ಟೀಚರಮ್ಮ, ನಿಮ್ಮ ಮಗಳ ಕಾಲು ಎಷ್ಟುದ್ದ ಇದೆ? ಹೇಳಿ, ಕೇಳೋಣ."

ಒಳಗೆ ಪಾಠ ಒಪ್ಪಿಸುತ್ತಿದ್ದ ಹುಡುಗಿಯರ ದನಿ ನಿಂತಿತು.

ಕಾಲುವೆಯ ದಂಡೆಯ ಹಳೆಯ ಅಕ್ಕಿ ಉಗ್ರಾಣದಲ್ಲಿ ಆ ಶಾಲೆ ಶುರುವಾಗಿ ಎರಡನೇ ವರ್ಷ. ಹನ್ನೊಂದು ಹುಡುಗಿಯರು. ಒಬ್ಬೊಬ್ಬಳಿಗಾಗಿಯೂ ಪೈಜೆನ್ ಮನೆಮನೆಯ ಹೊಸ್ತಿಲು ಸವೆಸಿದ್ದಳು. ಒಬ್ಬಳನ್ನು ಅಜ್ಜಿ ಎಳೆದುಕೊಂಡು ಹೋದರೆ ಉಳಿದವರೂ ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಉತ್ತರ ಹಿಂದಿನ ಬಾಗಿಲಿಂದ ಬಂತು. ಹದಿನಾರು ವರ್ಷದ ಮಗಳು ಸುಯುನ್ ಗೋಡೆ ಹಿಡಿದುಕೊಂಡು, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಅಂಗಳಕ್ಕೆ ಬಂದಳು.

"ನನ್ನ ಕಾಲು ಅಂಗೈಯಷ್ಟಿದೆ ಅಜ್ಜಿ. ಅಮ್ಮ ಟೋಕಿಯೊದಲ್ಲಿ ಓದ್ತಿದ್ದಾಗ ನಮ್ಮಜ್ಜಿ ಕಟ್ಟಿದ್ದು. ಕಟ್ತೀನಿ ಅಂತ ಅಜ್ಜಿ ಬರೆದ ಕಾಗದ ಅಮ್ಮನ ಕೈಗೆ ಸಿಗೋ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಮೊದಲೇ ಸಿಕ್ಕಿದ್ದರೆ ಅವರು ಸಮುದ್ರ ಈಜಿಕೊಂಡಾದರೂ ಬರ್ತಿದ್ದರು." ಅವಳು ಚಿಯಾವೊಳ ತಲೆ ಸವರಿದಳು. "ಇದಕ್ಕೆ ಓಡೋ ಆಸೆ ಇದೆ. ಓಡಲಿ ಬಿಡಿ."

ಲು ಅಜ್ಜಿ ಸುಯುನ್‌ಳ ಕಾಲನ್ನೇ ನೋಡಿದಳು. ಆಮೇಲೆ ಅಷ್ಟೇ ಪುಟ್ಟದಾದ ತನ್ನ ಕಾಲನ್ನು ನೋಡಿಕೊಂಡಳು. "ಇನ್ನೊಂದು ಕಟ್ಟು ನಾನೇ ಬಿಚ್ತೀನಿ, ಸರೀರಿ. ನಿಮ್ಮ ಕೈ ಒರಟು," ಎಂದು ನೆಲಕ್ಕೆ ಕುಸಿದು ಕೂತಳು.

ಅಂದು ಪೈಜೆನ್ ಗೆದ್ದಿದ್ದಳು. ಮಧ್ಯಾಹ್ನದ ತನ್ನ ಅನ್ನವನ್ನು ಮಾತ್ರ ಹುಡುಗಿಯರಿಗೆ ಹಂಚಿಬಿಟ್ಟಳು.

ಸಂಜೆ ಶಾಲೆ ಬಿಟ್ಟ ಮೇಲೆ ಕಿಟಕಿಯ ಪಕ್ಕ ಕಸೂತಿ ಹಾಕುತ್ತಿದ್ದ ಮಗಳ ಎದುರು ಬಂದು ಕೂತಳು.

"ಸುಯುನ್, ಆ ಕಾಗದ ತಡವಾಗಿ ಬರಲಿಲ್ಲ."

ಸೂಜಿ ನಿಂತಿತು.

"ಕಟ್ಟೋದಕ್ಕೆ ಇಪ್ಪತ್ತು ದಿನ ಮೊದಲೇ ಸಿಕ್ಕಿತ್ತು. 'ಮುಂದಿನ ತಿಂಗಳು ಮಗುವಿನ ಕಾಲು ಕಟ್ಟುತ್ತೇನೆ, ಬೇಡವಾದರೆ ನೀನೇ ಬಂದು ಕರೆದುಕೊಂಡು ಹೋಗು' ಅಂತ ಬರೆದಿದ್ದರು. ಹಡಗು ಹತ್ತಿದ್ದರೆ ಬಂದು ಮುಟ್ಟಬಹುದಿತ್ತು. ಪರೀಕ್ಷೆ ಇತ್ತು. ಬಿಟ್ಟು ಬಂದರೆ ವಿದ್ಯಾರ್ಥಿವೇತನ ಹೋಗ್ತಿತ್ತು. ಕಾಗದಾನ ಹಾಸಿಗೆ ಕೆಳಗಿಟ್ಟೆ. ಉತ್ತರಾನೂ ಬರೀಲಿಲ್ಲ."

ಸುಯುನ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಪರೀಕ್ಷೇಲಿ ಎಷ್ಟನೆಯವರಾಗಿ ಬಂದಿರಿ?"

"ಎರಡನೇ..." ಎಂದಳು ಪೈಜೆನ್, ಆ ಕ್ಷಣ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಕಟ್ಟಿದ ಮೇಲೆ ಎರಡು ಸಲ ಬಿಚ್ಚಿಕೊಂಡಿದ್ದೆ. ಅಮ್ಮ ಬರ್ತಾಳೆ, ಬರೋವರೆಗೆ ತಡೀಬೇಕು ಅಂತ. ಅಜ್ಜಿ ಮತ್ತೆ ಬಿಗಿದು ಕಟ್ಟಿದಳು. ಕಟ್ಟಿ, ನನ್ನ ಕಾಲನ್ನ ತೊಡೆ ಮೇಲಿಟ್ಟುಕೊಂಡು ನನಗಿಂತ ಜೋರಾಗಿ ಅತ್ತಳು." ಸುಯುನ್ ದಾರವನ್ನು ಹಲ್ಲಿನಿಂದ ಕಡಿದಳು. "ಇವತ್ತು ಊರೆದುರು ನನ್ನ ಬಾಯಲ್ಲಿ ಸುಳ್ಳು ಹೇಳಿಸಿದಿರಿ. ನಾಳೆ ಅಜ್ಜಿ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

ಮಗಳು ಕಸೂತಿ ಬಟ್ಟೆಯನ್ನು ಮಡಚಿ ಗಂಟಿನೊಳಗಿಟ್ಟಳು.

ಬೆಳಿಗ್ಗೆ ಕಾಲುವೆಯ ಮೆಟ್ಟಿಲಲ್ಲಿ ದೋಣಿ ನಿಂತಿತ್ತು. ಪೈಜೆನ್ ಮಗಳಿಗೆ ಆಸರೆಯಾಗಲೆಂದು ಕೈ ಚಾಚಿದಳು. ಸುಯುನ್ ಅಂಬಿಗನ ತೋಳು ಹಿಡಿದು ಹತ್ತಿದಳು. ಹತ್ತಿ, ಒಂದು ಬದಿಗೆ ಸರಿದು ಕೂತಳು. ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಉಳಿಯಿತು.

"ನೀವೂ ಬರ್ತೀರೇನಮ್ಮ? ಸಂಜೆ ಒಳಗೆ ವಾಪಸ್ ತಂದುಬಿಡ್ತೀನಿ," ಎಂದ ಅಂಬಿಗ.

ಹಿಂದೆ ಉಗ್ರಾಣದ ಬಾಗಿಲಲ್ಲಿ ಹುಡುಗಿಯರ ಗದ್ದಲ ಆಗಲೇ ಕೇಳಿಸುತ್ತಿತ್ತು.

"ಶಾಲೆಗೆ ಹೊತ್ತಾಯಿತು," ಎಂದಳು ಪೈಜೆನ್. ಮಾತು ತಾನಾಗಿಯೇ ಹೊರಬಿದ್ದಿತ್ತು.

ಸುಯುನ್ ತಲೆಯೆತ್ತಲಿಲ್ಲ. ತೊಡೆಯ ಮೇಲಿದ್ದ ಬಟ್ಟೆಗಂಟನ್ನು ಎತ್ತಿ ಪಕ್ಕದ ಖಾಲಿ ಜಾಗದಲ್ಲಿ ಇಟ್ಟಳು.