ಪಕ್ಕದ ಸಾಲು

ಅಕ್ಕಿಕಾಳು ಮುನೀಂದ್ರನ ತುಟಿಯಿಂದ ಜಾರಿ ಕೆನ್ನೆಗೆ ಬಿತ್ತು. ಸಹನ ಇನ್ನೊಂದು ಚಿಟಿಕೆ ತೆಗೆದಳು. ಅದೂ ಚೆಲ್ಲಿತು.

“ನಿಧಾನ ಆಕಮ್ಮಾ,” ಅಂದ ಹೆಣದ ತಲೆಯ ಬಳಿ ಕೂತಿದ್ದ ಮುನೀಂದ್ರನ ತಮ್ಮ ರಾಮಚಂದ್ರಪ್ಪ. “ನಮ್ಮಣ್ಣಂಗೆ ನೀನು ಮಗಳಿದ್ದಂಗೆ. ಕೈ ಇಡಿದು ಕೆಲ್ಸ ಕಲ್ಸಿದೋನು.”

ಬಂಗಾರಪೇಟೆಯ ಫೋನ್ ಕೇಬಲ್ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ, ಮಾತು ಸಾಗಿಸುವ ಗಾಜಿನ ಎಳೆ ಬೆಸೆದವನು ಮುನೀಂದ್ರ. ಅವನಪ್ಪ ಮೈಸೂರು ಮೈನ್ಸ್‌ ಚಿನ್ನದ ಗಣಿಯಲ್ಲಿ ಪಾತಾಳಕ್ಕೆ ಇಳಿದು ಬಂದವನು. ಮಗ ಮೊಣಕಾಲುದ್ದದ ಗುಂಡಿಗಿಂತ ಕೆಳಗೆ ಇಳಿದವನಲ್ಲ. ಆದರೂ ಊರವರ ಬಾಯಲ್ಲಿ ಅವನು ಕೊನೆತನಕ ‘ಮೈನಿಂಗ್ ಮುನೀಂದ್ರ’.

“ಆಂಬುಲೆನ್ಸು ಬಂದಿದ್ರೆ ಉಳೀತಿದ್ದ,” ಅಂದರು ಯಾರೋ.

“ಫೋನೇ ಓಗ್ಲಿಲ್ವಲ್ಲ!” ರಾಮಚಂದ್ರಪ್ಪನ ದನಿ ಏರಿತು. “ನೆನ್ನೆ ಅತ್ತೂಮುಕ್ಕಾಲಿಂದ ಅನ್ನೊಂದು ಗಂಟೆವರ್ಗೂ ನಮ್ಮ ಕ್ಯಾಸಂಬಳ್ಳಿಲಿ ಒಬ್ರ ಫೋನೂ ಓಗ್ಲಿಲ್ಲ. ಬೈಕ್ ಮೇಲೆ ಕೂರಿಸ್ಕಂಡು ಆಸ್ಪತ್ರೆಗೆ ಓಡ್ಸಿದೆ. ದಾರೀಲೇ ಪ್ರಾಣ ಓಯ್ತು. ಲೈನ್ ಕೆಡ್ಸಿದೋನು ಕೈಗೆ ಸಿಗ್ಬೇಕು.”

ಹತ್ತೂಮುಕ್ಕಾಲು. ಸಹನಳಿಗೆ ಆ ಹೊತ್ತು ಚೆನ್ನಾಗಿ ಗೊತ್ತಿತ್ತು.

*

ನಿನ್ನೆ ಎದೆ ಉರಿ ಎಂದು ಮುನೀಂದ್ರ ರಜೆ ಹಾಕಿದ್ದ. ಸ್ಟೇಷನ್ನಿನಲ್ಲಿ ಎಳೆಗೆ ಬೆಳಕು ಬಿಡುವ ಲೇಸರ್ ಕಾರ್ಡು ಕೆಟ್ಟಿತ್ತು; ಅದನ್ನು ತೆಗೆದು ಹೊಸದನ್ನು ಹಾಕುವ ಕೆಲಸ ಸಹನಳೊಬ್ಬಳ ಮೇಲೆ ಬಿತ್ತು. ಕೂದಲಿನಷ್ಟು ತೆಳ್ಳಗಿನ ಒಂದೇ ಗಾಜಿನ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು ಓಡುತ್ತದೆ. ಒಂದೊಂದು ಊರಿಗೆ ಒಂದೊಂದು ಬಣ್ಣ. ಹೊಸ ಕಾರ್ಡು ಹೇಳಿದ ಬಣ್ಣವನ್ನೇ ಹಿಡಿಯುತ್ತದೆ. ಆದರೆ ಹದಕ್ಕೆ ಬರುವತನಕ ಆ ಬಣ್ಣ ಅತ್ತಿತ್ತ ಜಾರುತ್ತಿರುತ್ತದೆ.

“ಒಸ ಕಾರ್ಡು ಒಸ ಎತ್ತು ಇದ್ದಂಗೆ ಕಣಮ್ಮಾ,” ಎಂದು ಮುನೀಂದ್ರ ಕಲಿಸಿದ್ದ. “ನೇಗಿಲಿಗೆ ಕಟ್ಟಿದ ತಕ್ಷಣ ಬಿಟ್ರೆ ಪಕ್ಕದ ಸಾಲು ತುಳೀತದೆ. ಬೆಳಕು ಮುಚ್ಚಿಟ್ಟು, ಓಗಿ ಒಂದು ಟೀ ಕುಡ್ಕಂಡು ಬಾ. ಆಮೇಲೆ ತೆಗಿ.”

ಅವಳು ಟೀಗೆ ಹೋಗಲಿಲ್ಲ. ಮೇಲಿನವರು ಅವಸರ ಮಾಡುತ್ತಿದ್ದರು. ಬೆಳಕು ತೆರೆದೇ ಕಾರ್ಡು ತಳ್ಳಿದಳು. ಅದರ ಬೆಳಕು ಜಾರಿ ಪಕ್ಕದ ಬಣ್ಣದ ಮೇಲೆ ಬಿತ್ತು. ಲೈನ್ ಕೆಟ್ಟಿದೆ ಎನ್ನುವ ಕೆಂಪು ದೀಪ ಕಾಲು ಗಂಟೆ ಉರಿದು ತಾನಾಗಿಯೇ ಆರಿತು. ಆ ಪಕ್ಕದ ಬಣ್ಣ ಕ್ಯಾಸಂಬಳ್ಳಿಯದು. ಅವಳು ಯಾರಿಗೂ ಹೇಳಲಿಲ್ಲ.

*

ಒಳಕೋಣೆಯಲ್ಲಿ ಮುನೀಂದ್ರನ ಹೆಂಡತಿ ಕದಿರಮ್ಮ ಸಹನಳ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡಳು.

“ನೀನು ಫೋನ್ ಕೆಲ್ಸದೋಳು, ನಿಜ ಏಳು. ನಂಗೆ ಓದು ಬರಕಿಲ್ಲ. ಆಂಬುಲೆನ್ಸಿಗೆ ಅಂತ ಅವ್ರು ಕಲ್ಸಿದ್ದ ಮೂರು ಅಂಕೀನೇ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಕೈ ನಡುಗ್ತಿತ್ತು, ತಪ್ಪು ಒತ್ತಿದ್ನೇನೋ. ನಾನೇ ಅವ್ರನ್ನ ಸಾಯ್ಸಿಬಿಟ್ನಾ?”

ಹೊರಗೆ ತಮಟೆ ಶುರುವಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗದು. ಮಣ್ಣಾದ ಮೇಲೆ ಬಸ್ಸು ಹತ್ತಿ ಹೋಗಬಹುದು. ಬಾಯಿ ಬಿಟ್ಟರೆ ಅಂಗಳದಲ್ಲಿ ರಾಮಚಂದ್ರಪ್ಪ ಇದ್ದಾನೆ, ಊರಿಗೆ ಊರೇ ಇದೆ. ಆದರೆ ಈ ಹೆಂಗಸು ಸಾಯುವವರೆಗೂ ತನ್ನ ಬೆರಳನ್ನೇ ಶಪಿಸಿಕೊಂಡು ಕೂರುತ್ತಾಳೆ.

“ನೀವು ಸರಿಯಾಗೇ ಒತ್ತಿದ್ರಿ ಅಮ್ಮಾ,” ಅಂದಳು. “ಲೈನ್ ಕೆಡ್ಸಿದ್ದು ನಾನು.”

ಕದಿರಮ್ಮ ಅವಳ ಮುಖವನ್ನೇ ನೋಡಿದಳು.

“ಅಣ್ಣನ್ನ ಎತ್ತೋ ಟೈಮಾಯ್ತು, ಈಚೆಗೆ ಬನ್ರಮ್ಮಾ!” ರಾಮಚಂದ್ರಪ್ಪ ಕೂಗಿದ.

ಕದಿರಮ್ಮ ಎದ್ದಳು. ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ. ಸಹನಳನ್ನು ಎಳೆದುಕೊಂಡೇ ಹೊಸಿಲು ದಾಟಿ ಜನರ ನಡುವೆ ಬಂದು, ರಾಮಚಂದ್ರಪ್ಪನ ಕಣ್ಣೆದುರೇ ಅವಳನ್ನು ಮಗಳಂತೆ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು.