ಶನಿವಾರದ ತಪ್ಪುಗಳು

“ಕ್ಷಮಿಸಿ, ನಮ್ಮಪ್ಪನಿಗೆ ಸ್ವಲ್ಪ ಮರೆವಿತ್ತು” ಎಂದು ಮಗಳು ಹೇಳುತ್ತಿದ್ದುದು ಅಂದು ಏಳನೆಯ ಸಲ. ಈ ಸಲ ಹೇಳಿಸಿಕೊಂಡವಳು ಆಸ್ಪತ್ರೆಯ ದಾದಿ. ಪಾಪ, ಬಿಳಿ ಹೂವಿನ ಗೊಂಚಲನ್ನು ಶವಪೆಟ್ಟಿಗೆಯ ಪಕ್ಕದಲ್ಲಿಟ್ಟು, ಎರಡು ನಿಮಿಷ ತಲೆ ತಗ್ಗಿಸಿ ನಿಂತು, “ನಿಮ್ಮ ತಂದೆ ಒಂದ್ಸಲ ನನಗೆ ಬೇರೆ ಸಿನಿಮಾ ಕೊಟ್ಟುಬಿಟ್ಟಿದ್ರು ಮೇಡಂ” ಎಂದು ಬಾಯಿ ತೆರೆದಿದ್ದಳು, ಅಷ್ಟೇ.

“ಕ್ಷಮಿಸೋದೇನು ಬಂತು?” ಎಂದಳು ದಾದಿ. “ನಾನು ಕೇಳಿದ್ದು ಹೊಡೆದಾಟದ ಸಿನಿಮಾ. ಮನೇಲಿ ಹೋಗಿ ಹಾಕಿದ್ರೆ ಅರವತ್ತು ವರ್ಷದ ಹೆಂಗಸೊಬ್ಬಳು ಈಜು ಕಲಿಯೋ ಕತೆ. ಬೈಕೊಂಡೇ ನೋಡಿದೆ. ಆಮೇಲೆ ನಾನೂ ಹೋಗಿ ಕೊಳಕ್ಕೆ ಇಳಿದೆ. ಈಗ ಬೆಳಗ್ಗೆ ಬೆಳಗ್ಗೆ ಇಪ್ಪತ್ತು ಸುತ್ತು ಈಜ್ತೀನಿ.”

ಮಗಳು ಒಂದು ಕುರ್ಚಿ ತೋರಿಸಿದಳು. ಅವಳು ಬಾಡಿಗೆಗೆ ತರಿಸಿದ್ದು ಮೂವತ್ತು ಕುರ್ಚಿ. ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಮುದುಕನ ಅಂತ್ಯಕ್ರಿಯೆಗೆ ಅಷ್ಟು ಧಾರಾಳವಾಯಿತು ಎಂದುಕೊಂಡಿದ್ದಳು. ಆಗಿನ್ನೂ ಮಧ್ಯಾಹ್ನದ ಎರಡು ಗಂಟೆ. ಶವದ ವಾಹನ ಬರುವುದು ಮೂರಕ್ಕೆ. ಆಗಲೇ ಜನ ಗೋಡೆಗೆ ಒರಗಿ ನಿಂತಿದ್ದರು, ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಬಂದವರೆಲ್ಲರ ಬಾಯಲ್ಲೂ ಒಂದೇ ರಾಗ: ನನಗೂ ತಪ್ಪು ಸಿನಿಮಾ ಕೊಟ್ಟಿದ್ರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ಆದರೆ ಈ ಮಗಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅವಳ ಕಪ್ಪು ಚೀಲ ಬೀದಿಯ ಮೂಲೆಯಲ್ಲಿ ಕಂಡರೆ ಸಾಕು, ಅಂಗಡಿಯವರು ತಕ್ಕಡಿ ಒರೆಸಲು ಶುರುಮಾಡುತ್ತಿದ್ದರು. ಕಿಲೋ ಎಂದು ಹೇಳಿ ಇಪ್ಪತ್ತು ಗ್ರಾಂ ಕಡಿಮೆ ಕೊಟ್ಟವನನ್ನು ಅವಳು ಬಿಟ್ಟವಳಲ್ಲ, ಅವನು ಸೋದರಮಾವನೇ ಆದರೂ. ಒಮ್ಮೆ ನಿಜಕ್ಕೂ ಸೋದರಮಾವನೇ ಆಗಿದ್ದ, ಅದು ಬೇರೆ ಮಾತು. ಅಂಥವಳ ಅಪ್ಪ ಒಂದು ಪೆಟ್ಟಿಗೆಯಲ್ಲಿ ಇನ್ನೊಂದು ಮಾಲು ಹಾಕಿ ಕೊಡುತ್ತಾನೆಂದರೆ ಅವಳಿಗೆ ತಲೆ ಎತ್ತಿಕೊಂಡು ಓಡಾಡುವುದು ಹೇಗೆ? ಮರೆವು ಎಂಬ ಒಂದು ಮಾತೇ ಅವಳ ಮರ್ಯಾದೆ ಉಳಿಸಿತ್ತು.

ಜೇಬಿನಲ್ಲಿದ್ದ ಹಾಳೆಯಲ್ಲೂ ಅದನ್ನೇ ಬರೆದಿದ್ದಳು. ವಾಹನ ಬರುವ ಮುಂಚೆ ಮನೆಯವರು ಯಾರಾದರೂ ನಾಲ್ಕು ಮಾತಾಡಬೇಕಿತ್ತು. ‘ನನ್ನ ತಂದೆ ಮರೆವಿನವರಾದರೂ ಪ್ರಾಮಾಣಿಕರು’ ಎಂಬುದು ಮೊದಲ ಸಾಲು.

* * *

ಆರು ವರ್ಷದ ಹಿಂದಿನ ಮಾತು. ಇಲಾಖೆಯ ಸಹೋದ್ಯೋಗಿಯೊಬ್ಬ, “ನಿಮ್ಮ ತಂದೆ ಅಂಗಡಿಗೆ ಜನ ಅದಲುಬದಲು ಅಂಗಡಿ ಅಂತಾರಂತಲ್ಲ” ಎಂದು ಹಲ್ಲು ಕಿರಿದಿದ್ದ. ಆ ಶನಿವಾರವೇ ಅವಳು ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು.

“ಏನಮ್ಮ, ತಪಾಸಣೆಯಾ?” ಎಂದರು ಅಪ್ಪ.

“ಹೂಂ. ಇನ್ಮೇಲೆ ಪ್ರತಿ ಶನಿವಾರ ಬರ್ತೀನಿ. ನಾನು ನೋಡದೆ ಒಂದು ಪೆಟ್ಟಿಗೇನೂ ಹೊರಗೆ ಹೋಗಕೂಡದು.”

ಅಂಗಡಿ ಎಂದರೆ ಎರಡು ಕುರ್ಚಿಗೇ ತುಂಬಿಹೋಗುವ ಜಾಗ. ಎದುರಿನ ಕಪಾಟಿನಲ್ಲಿ ಜನ ಮುಗಿಬಿದ್ದು ಕೇಳುವ ಸಿನಿಮಾಗಳು. ಹಿಂದಿನ ಗೋಡೆಯಲ್ಲಿ ಅಪ್ಪ ಮೂರು ದಿನದ ಕಪಾಟು ಎನ್ನುತ್ತಿದ್ದ ಸಾಲು. ಥಿಯೇಟರಿನಲ್ಲಿ ಮೂರು ದಿನ ಓಡಿ ಎತ್ತಂಗಡಿಯಾದವು, ಪತ್ರಿಕೆಯವರು ಎರಡು ಸಾಲೂ ಬರೆಯದವು, ಹೆಸರು ಕೇಳಿದರೆ ಯಾರೂ ‘ಓಹೋ’ ಎನ್ನದವು. ಅಪ್ಪ ಅವನ್ನು ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ ಇಡುತ್ತಿದ್ದರು.

ಮಗಳು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದಳು. ಪೆಟ್ಟಿಗೆಯ ಮೇಲಿನ ಹೆಸರು, ಕ್ಯಾಸೆಟ್ಟಿನ ಮೇಲಿನ ಚೀಟಿ, ಎರಡೂ ತಾಳೆ ನೋಡುವುದು. ಸರಿಯಿದ್ದರೆ ಒಂದು ಕಾಗದದ ತುಂಡಿಗೆ ತಾರೀಖಿನ ಸಮೇತ ‘ಪರೀಕ್ಷಿಸಲಾಗಿದೆ’ ಎಂದು ನೇರಳೆ ಮುದ್ರೆ ಒತ್ತಿ ಪೆಟ್ಟಿಗೆಯೊಳಗೆ ಹಾಕುವುದು. ಆ ಮುದ್ರೆಯನ್ನು ತನ್ನ ದುಡ್ಡಿನಲ್ಲೇ ಮಾಡಿಸಿದ್ದಳು, ಕಚೇರಿಯದನ್ನು ಮುಟ್ಟುವವಳಲ್ಲ. ಪ್ರತಿ ಶನಿವಾರ ಎರಡೋ ಮೂರೋ ತಪ್ಪು ಸಿಕ್ಕೇ ಸಿಗುತ್ತಿದ್ದವು.

“ನೋಡಿ ಅಪ್ಪ, ಇದರಲ್ಲಿ ಅದು, ಅದರಲ್ಲಿ ಇದು.”

“ಅಯ್ಯೋ, ಹೌದಲ್ಲಮ್ಮ. ನೀನಿಲ್ಲದಿದ್ರೆ ನನ್ನ ಗತಿಯೇನು?” ಎನ್ನುತ್ತಿದ್ದರು ಅಪ್ಪ, ಕನ್ನಡಕ ಹಣೆಗೇರಿಸಿ. ಆಮೇಲೆ ಇಬ್ಬರಿಗೂ ಚಹಾ ತರಿಸುತ್ತಿದ್ದರು.

* * *

“ನನಗೆ ಕೊಟ್ಟದ್ದು ಮಾತ್ರ ದರಿದ್ರ ಸಿನಿಮಾ” ಎಂದು ಹೇಳುತ್ತಿದ್ದವನು ಕ್ಷೌರಿಕ. ಅಪ್ಪನ ತಲೆಗೂದಲನ್ನು ನಲವತ್ತು ವರ್ಷ ಅವನೇ ಕತ್ತರಿಸಿದ್ದ. ಆ ಸಲುಗೆಯ ಮೇಲೆ ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು ದೂರು ಹೇಳುತ್ತಿದ್ದ. “ಎರಡು ಗಂಟೆ ಹೊತ್ತು ಒಬ್ಬ ಮನುಷ್ಯ ಗೋಡೆಗೆ ಬಣ್ಣ ಹೊಡೀತಾನೆ. ಹಾಡಿಲ್ಲ, ಜಗಳ ಇಲ್ಲ. ಕೊನೇಲಿ ಏಣಿ ಇಳೀತಾನೆ. ಮುಗೀತು.”

“ಪೂರ್ತಿ ನೋಡಿದ್ಯಾ?” ಎಂದು ಕೇಳಿದ ಪಕ್ಕದಲ್ಲಿದ್ದ ದರ್ಜಿ.

“ಮೂರು ಸಲ ನೋಡಿದೆ. ಎಲ್ಲಾದ್ರೂ ಏನಾದ್ರೂ ನಡೆಯುತ್ತೇನೋ ಅಂತ.”

“ನಡೀತಾ?”

“ಮೂರನೇ ಸಲ ಅತ್ತುಬಿಟ್ಟೆ” ಎಂದ ಕ್ಷೌರಿಕ, ಅದೂ ದೂರಿನ ದನಿಯಲ್ಲೇ. “ನಮ್ಮಪ್ಪನೂ ಬಣ್ಣ ಹೊಡೆಯೋನೇ ಅಲ್ವಾ. ಏಣಿ ಇಳಿಯೋವಾಗ ಹಿಂಗೇ ಸೊಂಟ ಹಿಡ್ಕೋತಿದ್ದ.”

ಸುತ್ತ ನಿಂತವರೆಲ್ಲ ಒಟ್ಟಿಗೇ ಮಾತಾಡತೊಡಗಿದರು. ಸೇತುವೆ ತೆರೆಯುವ ದಿನ ಕೊನೆಯ ಸಲ ದೋಣಿ ನಡೆಸುವ ಮುದುಕಿಯ ಸಿನಿಮಾವೇ ಎಲ್ಲಕ್ಕಿಂತ ಮೇಲು ಎಂದು ದರ್ಜಿಯ ವಾದ. ಅದು ಬರೀ ಅಳುಬುರುಕು, ಈಜಿನ ಸಿನಿಮಾದ ಮುಂದೆ ನಿವಾಳಿಸಿ ಎಸೆಯಬೇಕು ಎಂದು ದಾದಿ. ಇಂಥ ಸಿನಿಮಾಗಳ ಹೆಸರನ್ನೂ ಕೇಳದೆ ಸಾಯುವವರು ಎಷ್ಟಿದ್ದಾರೋ ಎಂದು ಕಿಟಕಿಯ ಕಡೆಯಿಂದ ಯಾರೋ ಅಂದರು. ಸಾವಿನ ಮನೆ ಎಂಬುದನ್ನೇ ಮರೆತು ದನಿ ಏರಿತು. ಮಗಳು ‘ಶ್’ ಎನ್ನಲು ಹೋದವಳು ದರ್ಜಿಯ ಕೈಯಲ್ಲಿದ್ದುದನ್ನು ಕಂಡು ನಿಂತಳು. ಅವನು ಪಾಕೀಟಿನಿಂದ ಒಂದು ಕಾಗದದ ತುಂಡು ತೆಗೆದು ಎಲ್ಲರಿಗೂ ತೋರಿಸುತ್ತಿದ್ದ.

“ನೆನಪಿಗೆ ಅಂತ ಇಟ್ಕೊಂಡಿದೀನಿ. ದೋಣಿ ಸಿನಿಮಾದ ಪೆಟ್ಟಿಗೇಲಿತ್ತು. ಅಂದ್ರೆ, ಪೆಟ್ಟಿಗೆ ಮೇಲೆ ಇದ್ದದ್ದು ಬೇರೆ ಹೆಸರು.”

ನೇರಳೆ ಮುದ್ರೆ. ಪರೀಕ್ಷಿಸಲಾಗಿದೆ. ತಾರೀಖು ಎರಡು ತಿಂಗಳ ಹಿಂದಿನದು.

“ಇದು ಸಾಧ್ಯವೇ ಇಲ್ಲ” ಎಂದಳು ಮಗಳು. “ಪೆಟ್ಟಿಗೆ, ಚೀಟಿ, ಎರಡೂ ನಾನೇ ನೋಡಿದೀನಿ.”

“ಚೀಟಿ ಸರಿಯಾಗೇ ಇತ್ತು ಮೇಡಂ” ಎಂದ ದರ್ಜಿ ಮೆಲ್ಲಗೆ. “ಒಳಗಿನ ಸಿನಿಮಾನೇ ಬೇರೆ.”

“ನಂದೂ ಹಾಗೇ” ಎಂದಳು ದಾದಿ. “ಶನಿವಾರ ತಗೊಂಡಿದ್ದೆ. ಭಾನುವಾರ ಅಂಗಡಿ ಮುಚ್ಚಿರುತ್ತಲ್ಲ, ವಾಪಸ್ ಕೊಡೋ ಹಾಗಿಲ್ಲ. ಬೇರೆ ಕೆಲಸ ಇಲ್ಲ ಅಂತ ನೋಡಿದ್ದು.”

“ನಂದೂ ಶನಿವಾರಾನೇ” ಎಂದ ಕ್ಷೌರಿಕ. “ಸೋಮವಾರ ಜಗಳಕ್ಕೆ ಹೋದ್ರೆ, ‘ಹೌದೇನಯ್ಯ, ಮರೆವು ನೋಡು’ ಅಂತ ತಲೆ ಕೆರ್ಕೊಂಡು, ನಾನು ಕೇಳಿದ್ದನ್ನ ಪುಕ್ಕಟೆ ಕೊಟ್ರು.”

ಶನಿವಾರ, ಶನಿವಾರ ಎಂದು ಆ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ದಾಟುತ್ತ ಕೋಣೆಯ ಕೊನೆಯವರೆಗೆ ಹೋಯಿತು. ವಾರದ ಬೇರೆ ಯಾವ ದಿನವೂ ಯಾರಿಗೂ ತಪ್ಪು ಸಿನಿಮಾ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷ ತಕ್ಕಡಿ ನೋಡಿದವಳಿಗೆ ಇದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ತಾನಾಗಿ ಕೆಟ್ಟ ತಕ್ಕಡಿ ಒಮ್ಮೆ ಹೆಚ್ಚು ತೂಗುತ್ತದೆ, ಒಮ್ಮೆ ಕಡಿಮೆ. ಒಂದೇ ಕಡೆಗೆ ವಾಲುವ ತಕ್ಕಡಿಯ ಹಿಂದೆ ಒಂದು ಕೈ ಇರುತ್ತದೆ.

* * *

ಅಮ್ಮ ಪಕ್ಕದ ಚಿಕ್ಕ ಕೋಣೆಯಲ್ಲಿ ಬಂದವರಿಗೆಂದು ಚಹಾ ಬಗ್ಗಿಸುತ್ತಿದ್ದಳು. ಮಗಳು ಬಾಗಿಲು ಹಾಕಿಕೊಂಡಳು.

“ಅಮ್ಮ, ಅಪ್ಪನಿಗೆ ಮರೆವಿತ್ತಾ?”

ಅಮ್ಮ ಕೆಟಲ್ ಕೆಳಗಿಟ್ಟಳು. “ನಮ್ಮ ಮದುವೆ ದಿನ ಯಾರ್ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ರು ಅಂತ ಹೋದ ವಾರ ಹೇಳ್ತಿದ್ರು. ಮರೆವೆಲ್ಲಿಂದ ಬರಬೇಕು?”

“ಹಾಗಾದ್ರೆ ಚೀಟಿಗಳು?”

“ಶುಕ್ರವಾರ ಮಧ್ಯಾಹ್ನ” ಎಂದಳು ಅಮ್ಮ. ಇನ್ನು ಮುಚ್ಚಿಡುವುದಕ್ಕೇನಿದೆ ಎಂಬಂತಿತ್ತು ಅವಳ ಮುಖ. “ನೀನು ಕಚೇರೀಲಿರ್ತಿದ್ದೆ. ನಾನು ಈ ಕೆಟಲ್ ಹಬೆ ಹಿಡಿದು ಚೀಟಿ ಬಿಡಿಸಿಕೊಡ್ತಿದ್ದೆ, ಅವರು ಅದನ್ನ ಮೂರು ದಿನದ ಕಪಾಟಿನ ಕ್ಯಾಸೆಟ್ಟಿಗೆ ಅಂಟಿಸ್ತಿದ್ರು. ವಾರಕ್ಕೆ ಒಂದೇ. ಯಾರಿಗೆ ಯಾವುದು ಅಂತ ನಾಲ್ಕು ದಿನ ತಲೆ ಕೆಡಿಸಿಕೊಳ್ಳೋರು. ‘ಒಳ್ಳೇ ಸಿನಿಮಾ ಕಣಯ್ಯ, ನೋಡು’ ಅಂದ್ರೆ ಯಾರೂ ಮುಟ್ಟಲ್ಲ ಕಣೆ, ತಪ್ಪಿ ಮನೆಗೆ ಬಂದದ್ದನ್ನ ಮಾತ್ರ ಕೂತು ನೋಡ್ತಾರೆ ಅನ್ನೋರು.”

“ನನಗೆ ಯಾಕೆ ಹೇಳ್ಲಿಲ್ಲ?”

“ನಿನಗಾ? ಪೆಟ್ಟಿಗೇಲೊಂದು ಹೆಸರು, ಒಳಗೊಂದು ಮಾಲು. ಅಪ್ಪ ಅಂತ ಬಿಡ್ತಿದ್ಯಾ? ನಿನ್ನ ಸೋದರಮಾವನನ್ನ ಕೇಳು.”

ಮಗಳಿಗೆ ನಗು ಬಂತು, ಆದರೆ ನಗಲಾಗಲಿಲ್ಲ. ಎದೆಯಲ್ಲಿ ಮೂರು ದಿನದಿಂದ ಬೇರೆಯೇ ಒಂದು ಮುಳ್ಳು ಚುಚ್ಚುತ್ತಿತ್ತು. ಅವಳು ಅಪ್ಪನ ಹತ್ತಿರ ಕೊನೆಯದಾಗಿ ಮಾತಾಡಿದ್ದು ಹೋದ ಶನಿವಾರ. ಒಂದೇ ಸಂಜೆ ನಾಲ್ಕು ಪೆಟ್ಟಿಗೆ ತಪ್ಪಿದ್ದವು. ‘ನಿಮ್ಮನ್ನ ನಂಬಿ ಒಂದು ಪೆಟ್ಟಿಗೇನೂ ಬಿಡೋಕಾಗಲ್ಲ ಅಪ್ಪ. ಇನ್ಮೇಲೆ ನೀವು ಕಪಾಟು ಮುಟ್ಟಲೇಬೇಡಿ’ ಎಂದು ಗಿರಾಕಿಗಳ ಎದುರೇ ಸಿಡುಕಿ, ಚಹಾ ಕೂಡ ಕುಡಿಯದೆ ಎದ್ದು ಬಂದಿದ್ದಳು. ಮಂಗಳವಾರ ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು.

“ನಾನು ಬೈದದ್ದಕ್ಕೆ ಅವರು ನೊಂದುಕೊಂಡ್ರಾ?” ಎಂದು ಕೇಳಿದಳು. “ನಿಜ ಹೇಳಮ್ಮ. ನನಗೋಸ್ಕರ ಅಂತ ಏನೇನೋ ಹೇಳಬೇಡ.”

“ನೊಂದುಕೊಳ್ಳೋದಾ? ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಕ್ಕರು. ‘ನಾಲ್ಕು ಇಟ್ಟಿದ್ದೆ, ನಾಲ್ಕನ್ನೂ ಹಿಡಿದಳು ಕಣೆ, ಹದ್ದಿನ ಕಣ್ಣು’ ಅಂತ.”

“ಇಟ್ಟಿದ್ರಾ?”

“ಮತ್ತೆ? ನೀನು ಹಿಡೀತಿದ್ದ ತಪ್ಪೆಲ್ಲ ನಿನಗೆ ಅಂತಲೇ ಇಡ್ತಿದ್ದದ್ದು. ನನಗೆ ಮೊದಲು ಅರ್ಥ ಆಗ್ಲಿಲ್ಲ. ಒಂದು ಚೀಟಿ ಅಂಟಿಸಿದ್ದು ಸಾಲದೇನ್ರೀ, ಮಗಳ ಕೈಲಿ ಬೈಸಿಕೊಳ್ಳೋಕೆ ಬೇರೆ ತಪ್ಪು ಯಾಕೆ ಅಂದೆ.” ಅಮ್ಮ ಸೆರಗಿನ ತುದಿಯಿಂದ ಕೆಟಲ್ಲಿನ ಹಿಡಿ ಒರೆಸಿದಳು. “ತಪ್ಪು ಸಿಗದಿದ್ರೆ ಅಪ್ಪ ಸರಿಹೋದ್ರು ಅಂತ ಅವಳು ಶನಿವಾರ ಬರೋದು ನಿಲ್ಲಿಸಿಬಿಡ್ತಾಳೆ ಕಣೆ ಅಂದ್ರು.”

ಮಗಳು ಚಹಾ ಲೋಟಗಳ ಮಧ್ಯೆ ಮೇಜಿಗೆ ಕೈಯೂರಿ ನಿಂತಳು. ಆರು ವರ್ಷದ ಶನಿವಾರಗಳು. ಒಂದೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಹೋಗಿ ಕೂತಿದ್ದಳು, ಅಪ್ಪನಿಗೆ ತನ್ನ ಅಗತ್ಯ ಅಷ್ಟಿದೆಯೆಂದು. ಇತ್ತು ಕೂಡ. ಈ ಮೂರು ದಿನದಲ್ಲಿ ಬಾರದ ಅಳು ಈಗ ಬಂತು, ಜೊತೆಗೆ ತಡೆದಿಟ್ಟಿದ್ದ ನಗುವೂ ನುಗ್ಗಿತು. ಎರಡನ್ನೂ ಬೇರೆ ಮಾಡಲಾಗದೆ ಅವಳು ಅಮ್ಮನ ಭುಜಕ್ಕೆ ಮುಖವೊತ್ತಿದಳು. ಚಹಾ ಎಲ್ಲಿ ಎಂದು ಹೊರಗಿನಿಂದ ಯಾರೋ ಬಾಗಿಲು ಬಡಿದರು.

ಮೂರಕ್ಕೆ ಐದು ನಿಮಿಷವಿದ್ದಾಗ ಮಗಳು ಶವಪೆಟ್ಟಿಗೆಯ ತಲೆಯ ಕಡೆ ಬಂದು ನಿಂತಳು. ಹಾಳೆ ಬಿಡಿಸಿ ಮೊದಲ ಸಾಲು ನೋಡಿದಳು. ಮರೆವು ಸುಳ್ಳು. ಪ್ರಾಮಾಣಿಕತೆಯ ಮೇಲಂತೂ ಮುದ್ರೆ ಒತ್ತುವ ಹಾಗೇ ಇರಲಿಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿದಳು.

“ಬೆಳಗ್ಗೆಯಿಂದ ನಿಮ್ಮೆಲ್ಲರ ಹತ್ತಿರ ಕ್ಷಮೆ ಕೇಳ್ತಾ ಇದ್ದೆ. ಅದನ್ನ ವಾಪಸ್ ತಗೋತೀನಿ” ಎಂದಳು. “ನಮ್ಮಪ್ಪನಿಗೆ ಮರೆವಿರಲಿಲ್ಲ. ಬೇಕಂತಲೇ ಮಾಡ್ತಿದ್ರು. ನನ್ನ ಕಣ್ಣೆದುರಿಗೆ, ನನ್ನ ಮುದ್ರೆ ಹಾಕಿಸಿಯೇ ಮಾಡ್ತಿದ್ರು. ಇಷ್ಟು ಚೆನ್ನಾಗಿ ಮೋಸ ಮಾಡಿದ ಅಂಗಡಿಯವರನ್ನ ನನ್ನ ನೌಕರೀಲಿ ನಾನು ಇನ್ನೊಬ್ಬರನ್ನ ನೋಡಿಲ್ಲ.” ಶವಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟಳು. “ಒಂದು ವಿಷಯ ಗೊತ್ತಾಗಬೇಕು. ಶನಿವಾರ ತಪ್ಪು ಸಿನಿಮಾ ಸಿಕ್ಕಿದವರು ಒಂದ್ಸಲ ಕೈ ಎತ್ತಿ.”

ದಾದಿ ಎತ್ತಿದಳು, ದರ್ಜಿ ಎತ್ತಿದ. ಕ್ಷೌರಿಕ, ತನ್ನದು ಈಗಲೂ ದೂರೇ ಎಂಬಂತೆ, ಅರ್ಧ ಎತ್ತಿದ. ಕುರ್ಚಿಗಳಿಂದ, ಗೋಡೆಗಳಿಂದ, ಕಿಟಕಿಗಳಿಂದ ಕೈಗಳೆದ್ದವು. ಬಾಗಿಲಲ್ಲಿ ಶವದ ವಾಹನದ ಚಾಲಕ ಬಂದು ನಿಂತಿದ್ದ. ಹೊತ್ತಾಯಿತು ಎನ್ನಲು ಕೈಗಡಿಯಾರದ ಮೇಲೆ ಬೆರಳು ತಟ್ಟುತ್ತಿದ್ದವನು ಒಳಗೆಲ್ಲ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಅವನೂ ಕೈ ಎತ್ತಿದ.