ಸಪ್ಪೆ ಬೆಲ್ಲ

"ಇನ್ನೊಂದು ಸೌಟು ಹಾಕು ತೆರೆಸಾ. ನನ್ನ ಬಾಯಲ್ಲಿ ಬೆಲ್ಲ ಮಣ್ಣಿನ ಹಾಗೆ ಉಂಟು, ಹೆದರಬೇಡ," ಎಂದು ಕಜೆಟನ್ ಹೆಂಡತಿಯತ್ತ ಪಾಯಸದ ಬಟ್ಟಲು ಚಾಚಿದ.

ಸಾವಿರದ ಒಂಬೈನೂರ ಅರವತ್ತನಾಲ್ಕರ ಮೊಂತಿ ಹಬ್ಬ, ಹೊಸ ತೆನೆಯ ಊಟ. ಸಕ್ಕರೆ ಕಾಯಿಲೆಗೆ ದಿನಾ ಸೂಜಿ ಬೇಕೆಂದು ಡಾಕ್ಟರು ಹೇಳಿದ್ದೇ ತಡ, ಮಹಾರಾಯ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಕಡೆಗೆ ತೆರೆಸಾಳೇ ಇನ್ನಂಜೆಯ ಪಂಡಿತರಿಂದ ಮಧುನಾಶಿನಿ ಬಳ್ಳಿ ತಂದು ಕಾಪುವಿನ ಮನೆಯ ಬೇಲಿಗೆ ಹಬ್ಬಿಸಿದಳು. ಎರಡೆಲೆ ಜಗಿದು ಬೆಲ್ಲ ಬಾಯಿಗಿಟ್ಟರೆ ಸಿಹಿಯೇ ಇಲ್ಲ! ಸಿಹಿಯೇ ಸತ್ತ ಮೇಲೆ ಸಕ್ಕರೆ ಎಲ್ಲಿಂದ ಬರಬೇಕು? ಪಂಡಿತರು ಹೇಳಿದ ಪಥ್ಯ ಅಲ್ಲಿಗೇ ಮೂಲೆ ಸೇರಿತು. ಮೂರು ತಿಂಗಳಿಂದ ಮೊದಲು ಎಲೆ, ಆಮೇಲೆ ಬೆಲ್ಲದ ಕಾಫಿ.

ಊಟವಾದ ಮೇಲೆ ತೆರೆಸಾಳ ಮೈದುನನ ಮಗ ಹೆರಾಲ್ಡ್ ಸ್ಪಿರಿಟ್ ದೀಪ ಹಚ್ಚಿದ. ಮಣಿಪಾಲದ ಪ್ರಯೋಗಶಾಲೆಯಲ್ಲಿ ಕೆಲಸ ಅವನಿಗೆ. ಕಾಯಿಲೆ ಗುಣವಾದದ್ದನ್ನು ಕಣ್ಣಾರೆ ನೋಡಬೇಕೆಂದು ತೆರೆಸಾಳೇ ಮೂತ್ರ ಪರೀಕ್ಷೆಯ ನೀಲಿ ದ್ರಾವಣ ತರಿಸಿದ್ದಳು. ನೀಲಿ ಉಳಿದರೆ ಗೆದ್ದಂತೆ. ಕಜೆಟನ್‌ನ ಮೂತ್ರ ಬೆರೆಸಿ ಕಾಯಿಸಿದಾಗ ಅದು ಹಸಿರಾಯಿತು, ಹಳದಿಯಾಯಿತು, ಮಾಡಿನ ಹಂಚಿನಂತೆ ಕೆಂಪಾಗಿ ನಿಂತಿತು.

"ಎಲೆಯಲ್ಲಿ ಒಂದು ಆಮ್ಲ ಉಂಟು ಮಾವ್ಶಿ. ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿ ಗೊತ್ತಾಗುವುದಿಲ್ಲ, ಅಷ್ಟೇ. ತಿಂದ ಬೆಲ್ಲ ರಕ್ತಕ್ಕೆ ಹೋಗಿಯೇ ಹೋಗುತ್ತದೆ," ಎಂದು ಹೆರಾಲ್ಡ್ ದೊಡ್ಡಮ್ಮನಿಗೆ ಹೇಳಿದ.

"ಹಾಗಾದರೆ ಆ ಎಲೆ ಔಷಧಿಯೇ ಅಲ್ಲವೆಂತಾ?" ಎಂದಳು ತೆರೆಸಾ.

"ಔಷಧಿ ಇರಲೂಬಹುದು. ಅದರಲ್ಲಿ ಇನ್ನೂ ಎಂತೆಂತ ಉಂಟೋ, ಹುಡುಕುತ್ತಾ ಇದ್ದೇವೆ. ವರ್ಷಗಳು ಬೇಕು."

ತಿಂಗಳ ಹಿಂದೆ ಕಲ್ಲು ತಾಗಿದ ಗಾಯ ಮಾಯದೆ ಕಜೆಟನ್ ಕಾಲ್ಬೆರಳಿಗೆ ಬಟ್ಟೆ ಸುತ್ತಿದ್ದ. ಹೆರಾಲ್ಡ್ ಅದನ್ನು ಬಿಚ್ಚಿದ. ಬೆರಳು ಕಪ್ಪಾಗಿತ್ತು.

"ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗುವ ಬಾಪ್ಪು. ಬೆರಳು ಉಳಿಯಲಿಕ್ಕಿಲ್ಲ. ಪಾದ ಉಳಿದರೆ ಪುಣ್ಯ," ಎಂದು ದೊಡ್ಡಪ್ಪನಿಗೆ ಹೇಳಿದ.

"ನಿನ್ನದು ಪುಸ್ತಕದ ಮಾತು ಮಾರಾಯ! ನನ್ನ ನಾಲಿಗೆ ನನಗೆ ಗೊತ್ತಿಲ್ವಾ?"

ತೆರೆಸಾ ಪಾಯಸದ ಪಾತ್ರೆಯತ್ತ ನೋಡಿದಳು. ಬಡಿಸಿದ್ದು ಅವಳದೇ ಕೈ. ಜೆಜು ದೇವಾ, ಇನ್ನು ಯಾರನ್ನು ಬೈಯುವುದು?

ಬೆಳಿಗ್ಗೆ ಹೆರಾಲ್ಡ್ ಬಾಡಿಗೆ ಕಾರು ಕರೆಯಲು ಹೋಗಿದ್ದ. ಕಜೆಟನ್ ಕುಂಟುತ್ತ ಬೇಲಿಯತ್ತ ಹೋಗಿ, ಎರಡೆಲೆ ಜಗಿದುಕೊಂಡು ಬಂದು ಕಾಫಿ ಕೇಳಿದ. ತೆರೆಸಾ ಅವನ ಕಣ್ಣೆದುರೇ ಭರಣಿಯಿಂದ ಬೆಲ್ಲದ ತುಂಡು ತೆಗೆದಳು, ಲೋಟಕ್ಕೆ ಮಾತ್ರ ಹಾಕಲಿಲ್ಲ. ಬರೀ ಕಹಿ ಕಾಫಿ ಕೊಟ್ಟಳು.

ಅವನು ಪೂರ್ತಿ ಕುಡಿದು ಬಾಯೊರಸಿಕೊಂಡ.

"ನೋಡಿದೆಯಾ? ಅಷ್ಟು ದೊಡ್ಡ ತುಂಡು ಹಾಕಿದ್ದಿ, ಒಂಚೂರು ಸಿಹಿ ಗೊತ್ತಾಯಿತಾ? ಹೇಳು ನಿನ್ನ ಹೆರಾಲ್ಡನಿಗೆ!"

ಮೂರು ತಿಂಗಳೂ ಹೀಗೇ ಬೆಲ್ಲವಿಲ್ಲದೆ ಕೊಡಬಹುದಿತ್ತು. ತೆರೆಸಾಳ ಸೆರಗಿನ ಮರೆಯಲ್ಲಿ, ಬಿಗಿದ ಮುಷ್ಟಿಯೊಳಗೆ ಬೆಲ್ಲ ಬೆವರಿಗೆ ಕರಗಿ ಬೆರಳಿಗೆ ಅಂಟುತ್ತಿತ್ತು.